ಭಾನುವಾರದ ಮಾತು: ಹೊಗೆಯೋ, ಮಂಜೋ?

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಕುಶಾಲನಗರದಲ್ಲಿ, ಹೋದ ಸಲದ ಮನೆಯಲ್ಲೇ ಸೇರೋಣ. ಮೊದಲು 20 ನಿಮಿಷ ಸುಮ್ನೆ ಕೂತು ಉಸಿರು ಗಮನಿಸುವುದು, ಆಮೇಲೆ ಮಾತು. ಫೋನ್ ಸೈಲೆಂಟ್ ಇರಲಿ. ಹೋದ ಸಲ ಧ್ಯಾನದ ನಡುವೆ ಬಂದ ಕಾಫಿ ರೇಟಿನ ಕರೆ ನನ್ನದೇ, ಕ್ಷಮಿಸಿ.

ಈ ಸಲದ ವಿಷಯ ದಿಙ್ನಾಗ, ಸುಮಾರು 1,500 ವರ್ಷ ಹಿಂದಿನ ಬೌದ್ಧ ತಾರ್ಕಿಕ. ತಿಳಿಯುವ ದಾರಿ ಎರಡೇ ಎಂದವನು: ಪ್ರತ್ಯಕ್ಷ, ಅನುಮಾನ. (ಇಲ್ಲಿ ಅನುಮಾನ ಅಂದರೆ ಸಂಶಯ ಅಲ್ಲ, ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು.) ಬಲ್ಲವರ ಮಾತನ್ನೂ ಅವನು ಅನುಮಾನದೊಳಗೇ ಸೇರಿಸಿದ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆ ಅನ್ನುವುದು ತರ್ಕದ ಹಳೇ ಉದಾಹರಣೆ. ಆದರೆ ನಮ್ಮ ಕೊಡಗಿನಲ್ಲಿ? ಮೊನ್ನೆ ಬೆಳಿಗ್ಗೆ ತೋಟದಂಚಲ್ಲಿ ಹೊಗೆ ಕಂಡು ಬಕೆಟ್ ಹಿಡಿದು ಓಡಿದೆ. ಹೋಗಿ ನೋಡಿದರೆ ಸಿಲ್ವರ್ ಓಕ್ ಮರಗಳ ನಡುವೆ ಬರೀ ಮಂಜು! ಧ್ಯಾನದಲ್ಲಿ ಕಾಣುವ ಬೆಳಕು, ‘ಜ್ಞಾನೋದಯ ಆಯ್ತು’ ಅನ್ನಿಸುವುದು, ಇವೂ ಹೀಗೇನಾ? ಅದನ್ನೇ ಮಾತಾಡೋಣ.

ಇನ್ನೊಂದು. ‘ಬುದ್ಧ ಹೇಳಿದ್ದು’ ಅಂತ ಬರುವ ಫಾರ್ವರ್ಡ್‌ಗಳು ಸಾಕು. ಬರೀ ಕೇಳಿದ ಮಾತು ಅಂತ ಒಪ್ಪಬೇಡಿ ಎಂದು ಕಾಲಾಮ ಎಂಬ ಕುಲದ ಜನರಿಗೆ ಹೇಳಿದ್ದೂ ಅವನೇ, ಅಲ್ವಾ? ಮಳೆ ಜಾಸ್ತಿಯಾದರೆ ಮಧ್ಯಾಹ್ನದೊಳಗೆ ಇಲ್ಲೇ ತಿಳಿಸುತ್ತೇನೆ.