ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ನನ್ನ ತಂಗಿಗೆ ವಾರಕ್ಕೊಂದು ಗಂಟೆ ಬೇಕು

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರಗಳು.

ಮೂರು ಅರ್ಜಿ ಕೊಟ್ಟೆ, ಒಂದು ದೂರು ಕೊಟ್ಟೆ. ಸ್ವೀಕೃತಿಯ ಮೊಹರು ಬಿಟ್ಟರೆ ಏನೂ ಸಿಗಲಿಲ್ಲ. ಅದಕ್ಕೇ ಈ ಪತ್ರವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಬರೆಯುತ್ತಿದ್ದೇನೆ. ಕೇಳುವುದು ಒಂದೇ: ಪ್ರತಿ ಜಿಲ್ಲಾ ಆಸ್ಪತ್ರೆಗೆ ಮನಸ್ಸಿಗೆ ಆದ ಆಘಾತಕ್ಕೆ ಚಿಕಿತ್ಸೆ ಕೊಡಲು ತರಬೇತಿ ಪಡೆದ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಮಾತಿನ ಮೂಲಕ ಚಿಕಿತ್ಸೆ ಕೊಡುವ ಮನಶ್ಶಾಸ್ತ್ರಜ್ಞರು, ಗುತ್ತಿಗೆಯ ಮೇಲಲ್ಲ, ಕಾಯಂ ಆಗಿ.

ನನ್ನ ತಂಗಿಗೆ ಮೂವತ್ತೆರಡು ವರ್ಷ. ಅವಳಿಗಿರುವುದು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಅಂದರೆ ಒಬ್ಬರೊಳಗೇ ಬೇರೆ ಬೇರೆ ವ್ಯಕ್ತಿತ್ವಗಳು ಇರುವ ಕಾಯಿಲೆ. ಜನ ಇದನ್ನು ಸಿನಿಮಾದಲ್ಲಿ ನೋಡಿದ್ದಾರೆ. ಅಲ್ಲಿ ಇಂಥವರು ಕತ್ತಿ ಹಿಡಿದು ಓಡಾಡುತ್ತಾರೆ. ನಮ್ಮ ಮನೆಯಲ್ಲಿ ಹಾಗೇನೂ ಇಲ್ಲ. ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ ಸೌಟು ಹಿಡಿದವಳು ಸುಮ್ಮನೆ ನಿಂತುಬಿಡುತ್ತಾಳೆ. ಸ್ವಲ್ಪ ಹೊತ್ತಿಗೆ ಏಳು ವರ್ಷದ ಮಗುವಿನ ದನಿಯಲ್ಲಿ "ಅಕ್ಕಾ, ಅವರು ಹೋದರಾ?" ಎಂದು ಕೇಳುತ್ತಾಳೆ. ಆ ಮಗುವನ್ನು ನಾನು ಪುಟ್ಟಿ ಎಂದು ಕರೆಯುತ್ತೇನೆ. ಅವರು ಯಾರೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಅವಳ ಆರನೆಯ ವಯಸ್ಸಿನಿಂದ ಐದು ವರ್ಷ, ನಮ್ಮದೇ ಮನೆಯ ಒಬ್ಬ ಹಿರಿಯ ಅವಳಿಗೆ ಮಾಡಿದ್ದು ನನಗೆ ತಿಳಿದದ್ದು ಅವನು ಸತ್ತ ಮೇಲೆ. ತಾಳಲಾರದ್ದನ್ನು ಆ ಪುಟ್ಟ ಮನಸ್ಸು ಹಂಚಿಕೊಂಡು ಹೊತ್ತಿತು. ನೆನಪು ಒಬ್ಬಳ ಪಾಲಿಗೆ, ಶಾಲೆಗೆ ಹೋಗಿ ಪಾಠ ಒಪ್ಪಿಸುವುದು ಇನ್ನೊಬ್ಬಳ ಪಾಲಿಗೆ. ಹಾಗೆ ಹಂಚಿಕೊಂಡಿದ್ದರಿಂದಲೇ ಅವಳು ಬದುಕಿ ಉಳಿದಳು ಎಂದು ಬೆಂಗಳೂರಿನ ಡಾಕ್ಟರು ನನಗೆ ಬಿಡಿಸಿ ಹೇಳಿದರು.

ಆ ಮಾತು ಕೇಳುವ ಹೊತ್ತಿಗೆ ಅವಳಿಗೆ ಇಪ್ಪತ್ತೊಂಬತ್ತು. ಅಲ್ಲಿಯವರೆಗೆ ಮೈಮೇಲೆ ಬರುತ್ತದೆ ಎಂದು ಊರೂರು ತಿರುಗಿಸಿದೆವು. ನಿಂಬೆಹಣ್ಣು ತುಳಿಸಿದೆವು, ಬೇವಿನ ಸೊಪ್ಪಿನಲ್ಲಿ ಹೊಡೆಸಿದೆವು. ಹೊಡೆಸಿದ್ದು ನಾವೇ, ಆ ತಪ್ಪು ನಮ್ಮದೇ. ಆಮೇಲೆ ಏಳು ವರ್ಷ ಸ್ಕಿಜೋಫ್ರೇನಿಯಾ ಎಂಬ ಬೇರೆಯೇ ಮಾನಸಿಕ ಕಾಯಿಲೆ ಎಂದುಕೊಂಡು ಮಾತ್ರೆ. ಮೈ ದಪ್ಪವಾಯಿತು, ಕೈ ನಡುಗಿತು, ಪುಟ್ಟಿ ಹೋಗಲಿಲ್ಲ. ಈ ಕಾಯಿಲೆಯನ್ನೇ ಗುಣಪಡಿಸುವ ಮಾತ್ರೆ ಇಲ್ಲ. ನಿದ್ರೆಗೆ, ಖಿನ್ನತೆಗೆ ಇದೆ. ಮುಖ್ಯ ಚಿಕಿತ್ಸೆ ಮಾತು. ಮೊದಲು ತಾನು ಈಗ ಸುರಕ್ಷಿತ ಎಂಬುದು ಅವಳಿಗೆ ನಾಟಬೇಕು, ಅದು ಗಟ್ಟಿಯಾದ ಮೇಲೆ ಹಳೆಯದನ್ನು ಮೆಲ್ಲಗೆ ಮುಟ್ಟಬೇಕು. ವರ್ಷಗಟ್ಟಲೆ, ಒಬ್ಬರೇ ಮಾಡಬೇಕಾದ ಕೆಲಸ ಅದು.

ಒಬ್ಬರೇ ಎಂಬುದನ್ನು ದಯವಿಟ್ಟು ಗಮನಿಸಿ. ನಮ್ಮ ಜಿಲ್ಲೆಯಲ್ಲಿ ನಾಲ್ಕು ವರ್ಷಗಳಲ್ಲಿ ಮೂವರು ಸೈಕಾಲಜಿಸ್ಟ್‌ಗಳು ಗುತ್ತಿಗೆಯ ಮೇಲೆ ಬಂದು ಹೋದರು. ಎರಡನೆಯವರು ಒಳ್ಳೆಯ ಹುಡುಗಿ. ಎಂಟು ತಿಂಗಳು ಪ್ರತಿ ಬುಧವಾರ ಹೋಗಿದ್ದೆವು. ಏಳನೆಯ ತಿಂಗಳಿನಲ್ಲಿ ಪುಟ್ಟಿ ಮೊದಲ ಸಲ ಅವರ ಮುಂದೆ ಬಾಯಿ ಬಿಟ್ಟಳು, ಅವರಿಗೆಂದು ಹಸಿರು ಪೆನ್ಸಿಲ್ಲಿನಲ್ಲಿ ಒಂದು ಮನೆ ಬರೆದಳು. ಅದನ್ನು ಕೊಡಬೇಕೆಂದಿದ್ದ ವಾರ ಹೋದರೆ ಕೋಣೆಗೆ ಬೀಗ. ಮಾರ್ಚ್ 31ಕ್ಕೆ ಗುತ್ತಿಗೆ ಮುಗಿದಿತ್ತು. ಆ ಚಿತ್ರ ಇನ್ನೂ ನಮ್ಮ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಈಗಲೂ ಬುಧವಾರ ಪುಟ್ಟಿ ಬಂದರೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕೂರುತ್ತಾಳೆ.

ಕಾಯ್ದೆಯನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಸರ್ಕಾರ ನಡೆಸುವ ಸೇವೆಯಿಂದ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು ಅದರ 18ನೇ ಸೆಕ್ಷನ್ ಹೇಳುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು. ಅಂಥ ನಾಡಿನಲ್ಲಿ ನಾನು ಒಂದು ಗಂಟೆಗಾಗಿ ಬೇಡುತ್ತಿದ್ದೇನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಎನ್ನುತ್ತಾರೆ. ಮಾಡಿದ್ದೇನೆ. ರಾತ್ರಿ ಎರಡು ಗಂಟೆಗೆ ಆ ಕಡೆಯಿಂದ ಬಂದ ದನಿ ನನಗೆ ಧೈರ್ಯ ಕೊಟ್ಟಿದೆ, ಆ ಉಪಕಾರ ಮರೆಯುವುದಿಲ್ಲ. ಆದರೆ ದೂರವಾಣಿಯಲ್ಲಿ ಸಿಗುವ ಆ ಕ್ಷಣದ ಧೈರ್ಯದಿಂದ ಇಪ್ಪತ್ತಾರು ವರ್ಷದ ಗಾಯ ಮಾಯುವುದಿಲ್ಲ.

ಇನ್ನು ಅಂಗವಿಕಲತೆಯ ಪ್ರಮಾಣಪತ್ರದ ವಿಷಯ. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ, ಮಾತು ಗಡುಸಾದರೆ ಕ್ಷಮಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ ಇಪ್ಪತ್ತೊಂದು ವಿಧದ ಅಂಗವಿಕಲತೆಗಳಲ್ಲಿ ಮಾನಸಿಕ ಕಾಯಿಲೆಯೂ ಇದೆ. ಅಳೆಯುವುದು ನಾಲ್ಕು ಸಂಗತಿಗಳನ್ನು: ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಂದಿಗೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಜೊತೆಗೆ ಕಾಯಿಲೆ ಎಷ್ಟು ವರ್ಷದ್ದು ಎಂಬ ಲೆಕ್ಕ. ಸೌಲಭ್ಯ ಸಿಗಲು ಶೇಕಡಾ 40 ಆಗಬೇಕು. ಹೊರಗಿನವರ ಮುಂದೆ ನಿಲ್ಲುವುದಕ್ಕೆಂದೇ ನನ್ನ ತಂಗಿಯೊಳಗೆ ಒಬ್ಬಳಿದ್ದಾಳೆ. ಪ್ರಮಾಣಪತ್ರಕ್ಕೆಂದು ಜಿಲ್ಲಾ ಆಸ್ಪತ್ರೆಗೆ ಹೋದ ದಿನ ಮುಂದೆ ಬಂದವಳು ಅವಳೇ. ಸೆರಗು ಸರಿಮಾಡಿಕೊಂಡು ಕೂತು ಕೇಳಿದ್ದಕ್ಕೆಲ್ಲ ತಪ್ಪಿಲ್ಲದೆ ಉತ್ತರ ಕೊಟ್ಟಳು. ವೈದ್ಯರು ಬೆಂಗಳೂರಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ಇನ್ನೊಬ್ಬಳು ಬರುತ್ತಾಳಂತಲ್ಲ, ಕರೆಯಮ್ಮ, ನೋಡೋಣ."

ಅವಳು ಸುಮ್ಮನಿದ್ದಳು. ಅವರು ಮೇಜು ತಟ್ಟಿದರು. ಎರಡನೆಯ ಸಲ ತಟ್ಟಿದಾಗ ಪುಟ್ಟಿ ಬಂದಳು, ಕುರ್ಚಿಯಿಂದ ಇಳಿದು ಮೇಜಿನ ಕೆಳಗೆ ಸೇರಿ ಎರಡು ಕೈಯಿಂದ ಬಾಯಿ ಮುಚ್ಚಿಕೊಂಡಳು. ಕೋಣೆಯಲ್ಲಿ ಏಳು ಜನ ಇದ್ದರು, ಇಬ್ಬರು ನಕ್ಕರು. ಬಾಗಿಲ ಬಳಿಯಿದ್ದ ಸಿಬ್ಬಂದಿಯೊಬ್ಬರು ಮೊಬೈಲ್ ಎತ್ತಿ ಹಿಡಿದರು. ನಾನೂ ಮೇಜಿನ ಕೆಳಗೆ ಕೂತು, ನಮ್ಮ ಮನೆಯಲ್ಲಿ ಅವಳ ಮಂಚದ ಪಕ್ಕ ಅಂಟಿಸಿರುವ ಚೀಟಿಯಲ್ಲಿದ್ದುದನ್ನು ಬಾಯಲ್ಲಿ ಹೇಳಿದೆ: "ಇದು ಅಕ್ಕ. ನಾವೀಗ ಅಕ್ಕನ ಮನೆಗೆ ಹೋಗುತ್ತೇವೆ. ಆ ಮನೆಯ ಚಿಲಕ ಒಳಗಡೆ ಇದೆ." ಹನ್ನೊಂದು ಸಲ ಹೇಳಿದ ಮೇಲೆ ಎದ್ದಳು. ಕಾಗದದ ಮೇಲೆ ಅವರು ಬರೆದದ್ದು "ನಟನೆಯ ಶಂಕೆ". ನಕಲು ನನ್ನ ಬಳಿ ಇದೆ.

ಮಾನ್ಯ ಸಚಿವರೇ, ಕಾಲು ಮುರಿದವನಿಗೆ ಓಡಿ ತೋರಿಸು ಎನ್ನುತ್ತಾರೆಯೇ? ಚಿಕಿತ್ಸೆಯ ಗೋಪ್ಯತೆಯನ್ನು ಕಾಪಾಡಬೇಕೆಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ, ಆ ಮೊಬೈಲಿನಲ್ಲಿದ್ದದ್ದು ಎಲ್ಲಿಗೆ ಹೋಯಿತು? ಅದೇ ಕಾಯ್ದೆಯ 28ನೇ ಸೆಕ್ಷನ್ನಿನಂತೆ ದೂರು ಕೊಟ್ಟು ಐದು ತಿಂಗಳಾಯಿತು. ಅಂದಿನಿಂದ ಅವಳು ನಮ್ಮ ಜಿಲ್ಲಾ ಆಸ್ಪತ್ರೆ ಇರುವ ಬೀದಿಯನ್ನೇ ತುಳಿದಿಲ್ಲ. ಎಂಟು ತಿಂಗಳ ಬುಧವಾರಗಳಲ್ಲಿ ಕಟ್ಟಿದ್ದು ಹತ್ತು ನಿಮಿಷದಲ್ಲಿ ಬಿದ್ದುಹೋಯಿತು.

ಬೆಂಗಳೂರಿಗೆ ಹೋಗಿ ಎನ್ನುವವರಿಗೆ ಹೇಳುತ್ತೇನೆ: ಹೋಗುತ್ತಿದ್ದೇವೆ. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಿಲ್ಲ, ಅದಕ್ಕೆ ಸರ್ಕಾರಕ್ಕೆ ಕೃತಜ್ಞಳು. ಆದರೆ ರಾತ್ರಿ ಬಸ್ಸಿನಲ್ಲಿ ಗುರುತಿಲ್ಲದ ಗಂಡಸಿನ ಭುಜ ತಗುಲಿದರೆ ಅವಳು ಬೆಳಗಿನವರೆಗೆ ನಡುಗುತ್ತಾಳೆ. ತಿಂಗಳಿಗೊಮ್ಮೆಗಿಂತ ಹೆಚ್ಚು ನಮ್ಮಿಂದ ಆಗುವುದಿಲ್ಲ. ನಾನು ಹೊಲಿಗೆ ಮಾಡಿ ಬದುಕುವವಳು. ಖಾಸಗಿಯವರು ಒಂದು ಗಂಟೆಗೆ ಕೇಳುವ 1,500 ರೂಪಾಯಿ ಗಳಿಸಲು ನಾನು ಎಷ್ಟು ರವಿಕೆ ಹೊಲಿಯಬೇಕು?

ಆದ್ದರಿಂದ ಮತ್ತೆ ಕೇಳುತ್ತೇನೆ. ಜಿಲ್ಲೆಗೆ ಒಬ್ಬರು, ಕಾಯಂ ಆಗಿ. ಮಾರ್ಚ್ ಬಂತೆಂದರೆ ಮಾಯವಾಗದವರು. ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿದವರ ಮುಂದೆ ಹೇಗೆ ಕೂರಬೇಕೆಂದು ಕಲಿತವರು. ನನ್ನ ತಂಗಿಯಂಥ ಪ್ರತಿಯೊಬ್ಬರಿಗೂ ಅವರಿಂದ ವಾರಕ್ಕೊಂದು ಗಂಟೆ. ಪ್ರಮಾಣಪತ್ರದ ಕೋಣೆಯಲ್ಲಿ ಯಾರನ್ನೂ "ಕರೆದು ತೋರಿಸು" ಎನ್ನಬಾರದೆಂದು ಒಂದು ಸುತ್ತೋಲೆಯನ್ನೂ ಹೊರಡಿಸಿ.

ಈ ಪತ್ರವನ್ನು ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ. ಹೆಸರು ಹಾಕಬೇಡ ಎಂದಳು, ಉಳಿದದ್ದೆಲ್ಲ ಇರಲಿ ಎಂದಳು. ಮರುದಿನ ನೋಟ್‌ಬುಕ್ಕಿನಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಒಂದು ಸಾಲು ಇತ್ತು: "ಬುಧವಾರದ ಮಿಸ್ಸು ಬರುತ್ತಾರಾ ಅಂತ ಕೇಳು."

ಕೇಳುತ್ತಿದ್ದೇನೆ, ಸಚಿವರೇ. ಬರುತ್ತಾರಾ?

ಇಂತಿ,
ಅವಳ ಅಕ್ಕ