ಎಪ್ಪತ್ತೆಂಟು ಸಾವಿರಕ್ಕೆ ಮೇಲ್ಮನವಿ ಇಲ್ಲ: ನಮ್ಮ ಸಂಸದರಿಗೊಂದು ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ನಮ್ಮವ್ವ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಿದ್ದವಳು. 2023ರಲ್ಲಿ ಒಂದು ಟೆಂಪೋ ಗುದ್ದಿ ಬಲ ಭುಜ ಮುರಿಯಿತು. ರಾಡ್ ಹಾಕಿದರು, ಮೂಳೆ ಕೂಡಿತು. ಆದರೆ ಕೈ ಭುಜದಿಂದ ಮೇಲಕ್ಕೆ ಏಳುವುದಿಲ್ಲ. ತಲೆ ಮೇಲೆ ಬುಟ್ಟಿ ಹೊರುವವಳಿಗೆ ಅದೇ ತಾನೇ ಬೇಕಾದ್ದು?

ಅಪಘಾತ ಪರಿಹಾರಕ್ಕೆ ಕ್ಲೇಮ್ ಕೇಸು ಹಾಕಿದೆವು. ಕೈಗೆ ಶೇ. 12 ಊನ ಎಂದು ಡಾಕ್ಟರು ಹೇಳಿದರು. ನ್ಯಾಯಮಂಡಳಿ ಅದರ ಮೂರನೇ ಒಂದು ಭಾಗ ಹಿಡಿದು ಇಡೀ ದೇಹಕ್ಕೆ ಶೇ. 4 ಎಂದಿತು. ತಿಂಗಳಿಗೆ 10,000 ಆದಾಯ, ವಯಸ್ಸು 48, ಆ ವಯಸ್ಸಿಗೆ ಗುಣಕ 13, ಅಂದರೆ ಒಂದು ವರ್ಷದ ನಷ್ಟವನ್ನು 13ರಿಂದ ಗುಣಿಸುತ್ತಾರೆ. ದುಡಿಮೆ ನಷ್ಟಕ್ಕೆ ಬಂದದ್ದು 62,400 ರೂಪಾಯಿ. ಆಸ್ಪತ್ರೆ ಖರ್ಚು, ನೋವು, ಎಲ್ಲ ಸೇರಿ 1,60,000.

ಊನವನ್ನು ದೇಹದ ಲೆಕ್ಕದಲ್ಲಷ್ಟೇ ಅಳೆಯಬೇಡಿ, ದುಡಿಮೆಗೆ ಏನಾಯಿತು ನೋಡಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಎಡಗೈ ಹೋದರೆ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು, ಡ್ರೈವರ್‌ದೋ ಬಡಗಿಯದೋ ದುಡಿಮೆ ಪೂರ್ತಿ ಹೋದ ಹಾಗೇ ಎಂಬುದು ಆ ತೀರ್ಪಿನದೇ ಉದಾಹರಣೆ. ಅವ್ವನಿಗೆ ಶೇ. 9 ಆದರೂ ಹಿಡಿಯಬೇಕಿತ್ತು, ಅಂದರೆ ಇನ್ನೂ 78,000 ಬರಬೇಕಿತ್ತು ಎಂದರು ನಮ್ಮ ವಕೀಲರು. "ಹಾಗಾದ್ರೆ ಧಾರವಾಡ ಹೈಕೋರ್ಟಿಗೆ ಹೋಗೋಣ್ರೀ" ಅಂದೆ. 90 ದಿನದ ಗಡುವು ಇನ್ನೂ ಮುಗಿದಿರಲಿಲ್ಲ.

ಅವರು ಮೋಟಾರು ವಾಹನ ಕಾಯ್ದೆಯ 173ನೇ ಕಲಂ ತೆಗೆದು ತೋರಿಸಿದರು. ತಕರಾರಿನ ಮೊತ್ತ, ಅಂದರೆ ನಮ್ಮ ಮಟ್ಟಿಗೆ ಆ 78,000, ಒಂದು ಲಕ್ಷಕ್ಕಿಂತ ಕಡಿಮೆ ಇದ್ದರೆ ಮೇಲ್ಮನವಿ ಇಲ್ಲ. ಮೊದಲು ಈ ಮಿತಿ 10,000 ಇತ್ತು. 2019ರ ತಿದ್ದುಪಡಿ ಅದನ್ನು ಹತ್ತು ಪಟ್ಟು ಮಾಡಿತು, 2022ರ ಏಪ್ರಿಲ್ 1ರಿಂದ ಜಾರಿ.

ಸಣ್ಣಪುಟ್ಟ ಕೇಸುಗಳಿಂದ ಹೈಕೋರ್ಟಿಗೆ ಹೊರೆ ಜಾಸ್ತಿ ಅನ್ನುತ್ತೀರೇನೋ. ಒಪ್ಪೋಣ. ಆದರೆ ಅದೇ ಕಲಮಿನಲ್ಲಿ ಇನ್ನೊಂದು ಅಂಕಿ ಇದೆ. ಪರಿಹಾರ ಕೊಡಬೇಕಾದವರು ಮೇಲ್ಮನವಿ ಹಾಕಬೇಕಾದರೆ 25,000 ರೂಪಾಯಿ ಅಥವಾ ಪರಿಹಾರದ ಅರ್ಧ, ಯಾವುದು ಕಡಿಮೆಯೋ ಅದನ್ನು ಠೇವಣಿ ಇಡಬೇಕು. ಈ 25,000 ಮಾತ್ರ 1988ರಲ್ಲಿ ಹೇಗಿತ್ತೋ ಹಾಗೇ ಕೂತಿದೆ! ನಮ್ಮ ಕೇಸಿನಲ್ಲಿ ಇನ್ಶೂರೆನ್ಸ್ ಕಂಪನಿ '1,60,000ದಲ್ಲಿ ಒಂದು ರೂಪಾಯಿಯೂ ಕೊಡುವುದಿಲ್ಲ' ಎಂದಿದ್ದರೆ ಅವರ ತಕರಾರು ಲಕ್ಷ ದಾಟುತ್ತಿತ್ತು, 25,000 ಕಟ್ಟಿ ಧಾರವಾಡಕ್ಕೆ ಹೋಗಬಹುದಿತ್ತು. ಹೋಗಲಿಲ್ಲ, ಅದು ಬೇರೆ ಮಾತು. ಪರಿಹಾರ ಕೊಡುವುದಕ್ಕೆ ತಡೆಯಾಜ್ಞೆ ಬೇಕೆಂದರೆ ಹೈಕೋರ್ಟ್ ಇನ್ನೂ ಹೆಚ್ಚು ಕಟ್ಟಿಸಬಹುದು, ಅದೂ ನಿಜ. ಆದರೂ ಬಾಗಿಲು ಅವರಿಗೆ ತೆರೆದಿದೆ, ನಮಗೆ ಇಲ್ಲ.

ಬೆಲೆ ಏರಿದೆ ಎಂದು ಮೇಲ್ಮನವಿಯ ಮಿತಿ ಏರಿಸಿದಿರಿ ಅನ್ನೋಣ. ಕಂಪನಿಯ ಠೇವಣಿಗೆ ಬೆಲೆ ಏರಲಿಲ್ಲವೇ? ಲಕ್ಷ ಅನ್ನುವುದು ಕಂಪನಿಗೆ ಸಣ್ಣ ಮೊತ್ತ. ನಮಗೆ 78,000 ಅಂದರೆ ಸಂತೆಯಲ್ಲಿ ಒಂದು ಕಟ್ಟೆ ಹಿಡಿದು, ತಳ್ಳುಗಾಡಿ ಕೊಂಡು, ಬುಟ್ಟಿ ಹೊರದೆ ವ್ಯಾಪಾರ ಮಾಡುವಷ್ಟು ದುಡ್ಡು.

ಇದು ಕೇಂದ್ರದ ಕಾಯ್ದೆ, ಅದಕ್ಕೇ ಶಾಸಕರಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಗಾಯಾಳುಗಳ ಮಟ್ಟಿಗಾದರೂ ಹಳೆಯ 10,000ದ ಮಿತಿ ತನ್ನಿ. ಠೇವಣಿಯ ಅಂಕಿಯನ್ನೂ ಇವತ್ತಿನ ಕಾಲಕ್ಕೆ ತಕ್ಕಂತೆ ಏರಿಸಿ. ತಿದ್ದುಪಡಿ ಒಂದೇ ದಿನದಲ್ಲಿ ಆಗುವುದಿಲ್ಲ, ಗೊತ್ತು. ಮೊದಲು ಸದನದಲ್ಲಿ ಸಾರಿಗೆ ಸಚಿವರಿಗೆ ಒಂದು ಲಿಖಿತ ಪ್ರಶ್ನೆ ಹಾಕಿ: ಒಂದು ಅಂಕಿ ಹತ್ತು ಪಟ್ಟಾದಾಗ ಇನ್ನೊಂದು ಯಾಕೆ ಅಲ್ಲೇ ನಿಂತಿತು? ಉತ್ತರ ಬಂದ ಮೇಲೆ ತಿಳಿಸಿ. ನಿಮ್ಮ ಕಚೇರಿಗೆ ನಾನೇ ಬಂದು ಪ್ರತಿ ಒಯ್ಯುತ್ತೇನೆ, ಅವ್ವನಿಗೆ ಓದಿ ಹೇಳಬೇಕು.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು