ಗಾಜು ಸರಿಸಿ ಅಂದ ತಮ್ಮನಿಗೆ

ನನ್ನ ಗೆಳತಿ ತೀರಿಕೊಂಡ ಮೇಲೆ ಫೋನ್ ಮಾಡಿದ ಯಾರ ಜೊತೆಗೂ ಸರಿಯಾಗಿ ಮಾತಾಡಲು ನನ್ನಿಂದ ಆಗಲಿಲ್ಲ. ರಕ್ತ ಕೊಟ್ಟವರು, ಗಂಜಿ ಕಳಿಸಿದ ಪಕ್ಕದ ಮನೆಯವರು, ಕೇಳದೇ ದುಡ್ಡು ಹಾಕಿದ ಕಾಲೇಜಿನ ಗೆಳತಿಯರು, ಆಷಾಢದ ಮಳೆಯಲ್ಲೂ ಶಿರಸಿಯಿಂದ ಘಟ್ಟ ಇಳಿದು ಬಂದವರು, ನಿಮಗೆಲ್ಲ ಮನಸಾರೆ ಧನ್ಯವಾದ. ಕಾಯಿಲೆಯ ವಿಷಯ ನಿಮಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಆದರೆ ಅವಳನ್ನು ಮಣಿಪಾಲಕ್ಕೆ ಕರೆದೊಯ್ದ ಆ ರಾತ್ರಿ ಆಂಬುಲೆನ್ಸ್ ಓಡಿಸಿದ ತಮ್ಮನ ಬಗ್ಗೆ ಬರೆಯಲೇಬೇಕು. ನಿಮ್ಮಲ್ಲಿ ಯಾರಿಗೂ ಅವನ ಪರಿಚಯ ಇಲ್ಲ.

ಜೀವಕ್ಕೆ ಬಂತು ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡಬೇಕು, ಅಲ್ವಾ. ಕುಮಟಾದಿಂದ ಮಣಿಪಾಲ ನೂರು ಕಿಲೋಮೀಟರಿಗೂ ಜಾಸ್ತಿ. ಹೊನ್ನಾವರದಲ್ಲಿ ಶರಾವತಿ ದಾಟುವ ಮೊದಲೇ ನನ್ನ ಕೈ ನಡುಗುತ್ತಿತ್ತು. ಅವನು ಒಂದೊಂದು ಹಂಪ್ ಬಂದಾಗಲೂ ಮುಂದಿನಿಂದ "ಅಕ್ಕಾ, ತಲೆ ಹಿಡ್ಕಳಿ" ಅಂತ ಕೂಗಿ ಹೇಳುತ್ತಿದ್ದ. ಭಟ್ಕಳದಲ್ಲಿ ಒಂದು ನಿಮಿಷ ಗಾಡಿ ನಿಲ್ಲಿಸಿ, ತಾನು ಹಾಕಿಕೊಂಡಿದ್ದ ಸ್ವೆಟರ್ ಬಿಚ್ಚಿ, ಮಡಚಿ, ಅವಳ ಕತ್ತಿನ ಕೆಳಗೆ ಇಟ್ಟ.

ಬೈಂದೂರು ದಾಟಿದ ಮೇಲೆ ಅವಳು ಕಣ್ಣು ಬಿಟ್ಟು "ಕಡಲು ಎಲ್ಲಿ?" ಅಂದಳು. ನಾನು ಏನೋ ಸಮಾಧಾನ ಹೇಳಿದೆ. ಅವನಿಗೆ ಕೇಳಿಸಿತ್ತು. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಕಡಲು. ಅಲ್ಲಿ ಬಂದಾಗ ಅವನು ಸೈರನ್ ಆಫ್ ಮಾಡಿ, "ಅಕ್ಕಾ, ಬಲಗಡೆ ಗಾಜು ಸ್ವಲ್ಪ ಸರಿಸಿ" ಅಂದ. ಎರಚಲು ಒಳಗೆ ಹೊಡೆಯಿತು, ಅದರ ಜೊತೆಗೇ ಅಲೆಯ ಸದ್ದು. ಅವಳು ಮುಖ ಆ ಕಡೆ ತಿರುಗಿಸಿದಳು.

ಆಸ್ಪತ್ರೆ ಮುಟ್ಟಿದ ಮೇಲೆ ಬಾಡಿಗೆ ಮುಗಿದಿತ್ತು, ಅವನು ಹೊರಟುಬಿಡಬಹುದಿತ್ತು. ಹೋಗಲಿಲ್ಲ. ಬೆಳಗಿನ ಜಾವ ಡಾಕ್ಟರ್ ಹೊರಗೆ ಬಂದಾಗ ನನ್ನ ಪಕ್ಕದಲ್ಲಿ ನಿಂತಿದ್ದವನು ಅವನೊಬ್ಬನೇ.

ಇಷ್ಟು ಬೇಗ ಯಾಕೆ ಹೋದೆ ಮಾರಾಯ್ತಿ? ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

1998ರಲ್ಲಿ ಕೊಂಕಣ ರೈಲು ಪೂರ್ತಿ ಶುರುವಾದಾಗ, ಎಲ್ಲಿ ಇಳಿಯುವುದು ಅಂತಲೂ ಯೋಚಿಸದೆ ಕುಮಟಾದಲ್ಲಿ ಹತ್ತಿದವಳು ಅವಳು. ಆಮೇಲೆ ರತ್ನಾಗಿರಿಯಿಂದ ಒಂದು ಕಾರ್ಡ್ ಬಂತು: "ಇಲ್ಲೂ ಕಡಲು ಇದೆ, ಚಿಂತೆ ಇಲ್ಲ." ನೌಕರಿ, ಮದುವೆ ಅಂತ ಊರವರು ಕೇಳಿದರೆ ಸುಮ್ನೆ ನಗುತ್ತಿದ್ದಳು. ನಾನು ಸಂಸಾರದಲ್ಲಿ ಮುಳುಗಿ ತಿಂಗಳುಗಟ್ಟಲೆ ಹೊರಗೆ ಕಾಲಿಡದೇ ಇದ್ದಾಗ ಬಾಗಿಲಿಗೆ ಬಂದು, ಚೀಲ ಕೈಗೆ ಕೊಟ್ಟು, "ನಡಿ" ಅನ್ನುತ್ತಿದ್ದಳು. ನಾನು ಈ ಕರಾವಳಿಯನ್ನು ನಡೆದು ನೋಡಿದ್ದು ಅವಳಿಂದಲೇ.

ಆ ತಮ್ಮನಿಗೆ ಮೊನ್ನೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. "ಅವರು ಹುಷಾರಾಗಿ ವಾಪಸ್ ಬರ್ತಾರೆ ಅಂದ್ಕೊಂಡಿದ್ದೆ ಅಕ್ಕಾ" ಅಂದ. ಆಮೇಲೆ ಇಬ್ಬರಿಗೂ ಮಾತು ಹೊರಡಲಿಲ್ಲ.

ಡಿಸೆಂಬರಿನಲ್ಲಿ ಅವಳ ದಾರಿಯಲ್ಲೇ ನಡೆಯುತ್ತೇವೆ. ಕುಮಟಾದ ವನ್ನಳ್ಳಿಯಿಂದ ಕಡ್ಲೆ, ಅಘನಾಶಿನಿಯಲ್ಲಿ ದೋಣಿ ಹತ್ತಿ ತದಡಿ, ಅಲ್ಲಿಂದ ಓಂ ಬೀಚ್ ಹಾದು ಗೋಕರ್ಣ. ಅವನಿಗೂ ಹೇಳಿದ್ದೇನೆ, ರಜೆ ಸಿಕ್ಕರೆ ಬರುತ್ತಾನಂತೆ. ಬರುವವರು ನನಗೊಂದು ಮೆಸೇಜ್ ಹಾಕಿ.